ಜಾನಿ ಹಾರ್ಟ್‌ಮನ್ ಹಾಗೆ ನಿಧಾನವಾಗಿ ಹಾಡುವುದು ಹೇಗೆ? ಅನುಭವ ಇದ್ದವರು ಹೇಳಿ

ಮಂದ್ರದವನು ಕೇಳಿದ್ದು:
ಎಂಟು ವರ್ಷದಿಂದ ಸುಗಮ ಸಂಗೀತ ಕಲಿಯುತ್ತಿದ್ದೇನೆ. ನನ್ನ ದನಿ ತುಂಬಾ ಕೆಳಗಿನದು. ಹೋದ ತಿಂಗಳು ಸ್ನೇಹಿತರ ಮನೆಯಲ್ಲಿ 1963ರ ಒಂದು ಜಾಝ್ ಆಲ್ಬಮ್ ಕೇಳಿದೆ. ಜಾನ್ ಕೋಲ್ಟ್ರೇನ್ ಸ್ಯಾಕ್ಸೋಫೋನ್, ಜಾನಿ ಹಾರ್ಟ್‌ಮನ್ ಹಾಡುಗಾರಿಕೆ. ಅವತ್ತಿಂದ ಆ ದನಿ ತಲೆಯಿಂದ ಹೋಗುತ್ತಿಲ್ಲ. ಆ ಥರ ಹಾಡಲು ಹೋದರೆ ನನ್ನದು ನಿಧಾನ ಆಗುವುದಿಲ್ಲ, ಸುಮ್ನೆ ಎಳೆದ ಹಾಗೆ ಕೇಳಿಸುತ್ತದೆ. ಅಭ್ಯಾಸ ಹೇಗೆ ಮಾಡಬೇಕು? ಅವರದು ಬೇರೆ ಏನೇನು ಕೇಳಬೇಕು?

ಹಳೇ ರೆಕಾರ್ಡು:
ಆ ಆಲ್ಬಮ್ಮಿನಲ್ಲಿ ಇರುವುದು ಆರೇ ಹಾಡು, ಅರ್ಧ ಗಂಟೆ ಚಿಲ್ಲರೆ. ನಾನು ಕಾಲೇಜಿನಲ್ಲಿದ್ದಾಗ ಕ್ಯಾಸೆಟ್ಟಿನಲ್ಲಿ ಕೇಳಿದ್ದು, ಇವತ್ತಿಗೂ ಬಿಟ್ಟಿಲ್ಲ. ಅವರ ಕಥೆ ಸ್ವಲ್ಪ ಹೇಳುತ್ತೇನೆ. ಅದು ಗೊತ್ತಾದರೆ ಆ ದನಿ ಯಾಕೆ ಹಾಗಿದೆ ಎಂದೂ ಅರ್ಥ ಆಗುತ್ತದೆ.

ಹಾರ್ಟ್‌ಮನ್ ಹುಟ್ಟಿದ್ದು 1923ರಲ್ಲಿ, ಬೆಳೆದದ್ದು ಶಿಕಾಗೋದಲ್ಲಿ. 1940ರ ದಶಕದಲ್ಲಿ ಪಿಯಾನೋ ವಾದಕ ಅರ್ಲ್ ಹೈನ್ಸ್ ಅವರ ವಾದ್ಯತಂಡಕ್ಕೆ ಹಾಡಿದರು. ಆಮೇಲೆ ತುತ್ತೂರಿ ವಾದಕ ಡಿಜ್ಜಿ ಗಿಲೆಸ್ಪಿ ಅವರ ದೊಡ್ಡ ತಂಡ. ಅಲ್ಲಿ ಸುತ್ತಲೂ ತುತ್ತೂರಿಗಳ ಅಬ್ಬರ, ಮಿಂಚಿನ ವೇಗದ ಬೀಬಾಪ್ ಅನ್ನುವ ಜಾಝ್ ಶೈಲಿ. ಅದರ ನಡುವೆ ಇವರದು ಸಮಾಧಾನದ ಪ್ರೇಮಗೀತೆ. ದೊಡ್ಡ ಸದ್ದಿನ ಮುಂದೆ ನಿಂತೂ ದನಿ ಎತ್ತರಿಸದೆ ಹಾಡುವುದನ್ನು ಅವರು ಕಲಿತದ್ದು ಅಲ್ಲೇ ಅಂತ ನನ್ನ ಅನಿಸಿಕೆ.

1955ರಲ್ಲಿ ಸ್ವಂತ ಆಲ್ಬಮ್ ಬಂತು. ಆದರೆ ಕಾಲ ಕೂಡಿ ಬರಲಿಲ್ಲ. ರಾಕ್ ಅಂಡ್ ರೋಲ್ ಎದ್ದ ಹೊತ್ತು ಅದು. ಮೆಲ್ಲಗೆ ಹಾಡುವ ಗಂಡು ದನಿಗೆ ಮಾರುಕಟ್ಟೆ ಕಡಿಮೆಯಾಗುತ್ತಿತ್ತು. ಕೋಲ್ಟ್ರೇನ್ ಜೊತೆ ಹಾಡಲು ಕರೆ ಬಂದಾಗಲೂ ಮೊದಲು ಹಿಂಜರಿದರು, ತಾನು ಜಾಝ್ ಹಾಡುಗಾರ ಎಂದು ಅವರಿಗೇ ಅನಿಸಿರಲಿಲ್ಲ. 1963ರ ಮಾರ್ಚ್‌ನಲ್ಲಿ ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಆಯಿತು. ಅಲ್ಲಿಗೆ ಕಾರಿನಲ್ಲಿ ಹೋಗುವಾಗ ರೇಡಿಯೋದಲ್ಲಿ ನ್ಯಾಟ್ ಕಿಂಗ್ ಕೋಲ್ ಹಾಡಿದ 'ಲಷ್ ಲೈಫ್' ಬಂತಂತೆ, ಅದನ್ನು ಕೇಳಿ ಇದನ್ನೂ ಸೇರಿಸೋಣ ಅಂದರಂತೆ. ಈಗ ಆ ಹಾಡು ಎಂದರೆ ಎಷ್ಟೋ ಜನರಿಗೆ ಮೊದಲು ನೆನಪಾಗುವುದು ಹಾರ್ಟ್‌ಮನ್.

ಅವರು ತೀರಿಕೊಂಡಿದ್ದು 1983ರಲ್ಲಿ, 60 ವರ್ಷಕ್ಕೆ, ಶ್ವಾಸಕೋಶದ ಕ್ಯಾನ್ಸರ್‌ನಿಂದ. 1995ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ತಮ್ಮ 'ದಿ ಬ್ರಿಡ್ಜಸ್ ಆಫ್ ಮ್ಯಾಡಿಸನ್ ಕೌಂಟಿ' ಸಿನಿಮಾದಲ್ಲಿ ಅವರ ಹಾಡುಗಳನ್ನು ಬಳಸಿದರು. ಆಗ ಲಕ್ಷಾಂತರ ಜನ 'ಯಾರಿವರು?' ಎಂದು ಹುಡುಕಿದರು. ಕೇಳಲು ಅವರೇ ಇರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತದೆ.

ಮುಂದೆ ಏನು ಕೇಳಬೇಕು ಅಂದಿರಲ್ಲ, ಕೋಲ್ಟ್ರೇನ್ ಜೊತೆಗಿನ ಆಲ್ಬಮ್ ಹೊರತಂದ ಇಂಪಲ್ಸ್ ರೆಕಾರ್ಡ್ ಕಂಪನಿಗೇ ಮಾಡಿದ 'ಐ ಜಸ್ಟ್ ಡ್ರಾಪ್ಡ್ ಬೈ ಟು ಸೇ ಹಲೋ' ಕೇಳಿ. ಆಮೇಲೆ ಹಿಂದಕ್ಕೆ ಹೋಗಿ ಬಿಲ್ಲಿ ಎಕ್‌ಸ್ಟೈನ್ ಕೇಳಿ. ಆ ಕೆಳದನಿಯ ದಾರಿಯನ್ನು ಮೊದಲು ಅಗಲ ಮಾಡಿದವರು ಅವರು.

ಕಪ್ಪು ಬಿಳಿ ಮನೆ:
ನಾನು ಹಾಡುವವರಿಗೆ ಪಿಯಾನೋ ನುಡಿಸುತ್ತೇನೆ, ಇಪ್ಪತ್ತು ವರ್ಷ ಆಯಿತು. 'ಎಳೆದ ಹಾಗೆ' ಅಂದಿರಲ್ಲ, ಆ ದೂರು ಪ್ರತಿ ತಿಂಗಳೂ ಕೇಳುತ್ತೇನೆ. ನನ್ನ ಪ್ರಕಾರ ನಿಮ್ಮ ತೊಂದರೆ ದನಿಯಲ್ಲಿಲ್ಲ, ಲಯದಲ್ಲಿದೆ.

ಹಾರ್ಟ್‌ಮನ್ ನಿಧಾನವಾಗಿ ಹಾಡುವಾಗ ಒಳಗೆ ತಾಳ ಗಟ್ಟಿಯಾಗಿ ನಡೆಯುತ್ತಿರುತ್ತದೆ. ಪದವನ್ನು ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ಇಡುತ್ತಾರೆ. ಹಿಂದೆ ಇಡಬೇಕಾದರೆ ತಾಳ ಎಲ್ಲಿದೆ ಎಂದು ಗೊತ್ತಿರಬೇಕು, ಅಲ್ವಾ? ನಮಗೆ ಅದು ಗೊತ್ತಿರುವುದಿಲ್ಲ, ತಡವಾಗಿ ಬಂದು ಬೀಳುತ್ತೇವೆ. ಅದೇ ಎಳೆದ ಹಾಗೆ ಕೇಳಿಸುವುದು. ತಾಳ ಬಡಿಯುವ ಮೆಟ್ರೋನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಡಿ. ನಾಲ್ಕು ಎಣಿಕೆಯಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಮಾತ್ರ ಚಿಟಿಕೆ ಹೊಡೆಯಿರಿ. ಹಾಡಬೇಡಿ, ಸಾಹಿತ್ಯವನ್ನು ಬರೀ ಮಾತಾಡಿ. ಮನೆಯವರಿಗೆ ಏನೋ ಹೇಳುತ್ತಿದ್ದೀರಿ ಅನ್ನುವ ಹಾಗೆ. ಒಂದು ವಾರ ಅಷ್ಟೇ. ಆಮೇಲೆ ಸ್ವರ ಸೇರಿಸಿ.

ಎರಡನೆಯದು, ನೀವು ಸುಗಮ ಸಂಗೀತದಿಂದ ಬಂದವರು. ಪ್ರತಿ ಸ್ವರಕ್ಕೂ ಒಂದು ಜಾರು, ಒಂದು ಸಣ್ಣ ಗಮಕ ತಾನಾಗಿ ಬರುತ್ತದೆ. ಹಾರ್ಟ್‌ಮನ್ ಸ್ವರವನ್ನು ನೇರವಾಗಿ ಹಿಡಿಯುತ್ತಾರೆ. ನಿಲ್ಲಿಸುತ್ತಾರೆ. ಸಾಲು ಮುಗಿಯುವ ಹೊತ್ತಿಗೆ ಮಾತ್ರ ಮೆಲ್ಲಗೆ ಕಂಪನ ಬಿಡುತ್ತಾರೆ. ಬೇರೆ ಜಾಝ್ ಹಾಡುಗಾರರ ಹಾಗೆ ರಾಗವನ್ನು ತಿರುವಿ ಮುರುವಿ ಹಾಡುವುದಿಲ್ಲ. ಆ ಕೆಲಸವನ್ನು ಕೋಲ್ಟ್ರೇನ್‌ಗೆ ಬಿಟ್ಟಿದ್ದಾರೆ. 'ಮೈ ಒನ್ ಅಂಡ್ ಓನ್ಲಿ ಲವ್' ಗಮನವಿಟ್ಟು ಕೇಳಿ. ಮೊದಲು ಇಡೀ ಹಾಡನ್ನು ಸ್ಯಾಕ್ಸೋಫೋನ್ ನುಡಿಸುತ್ತದೆ, ಹಾರ್ಟ್‌ಮನ್ ಬಾಯಿ ತೆರೆಯುವುದು ಎರಡು ನಿಮಿಷ ಆದಮೇಲೆ. ಅಷ್ಟು ಹೊತ್ತು ಕಾದು ಬರುವ ಹಾಡುಗಾರನಿಗೆ ಅವಸರ ಎಲ್ಲಿಂದ ಬರಬೇಕು?

'ಲಷ್ ಲೈಫ್' ಈಗಲೇ ಹಿಡಿಯಬೇಡಿ. ಸಂಗೀತ ಸಂಯೋಜಕ ಬಿಲ್ಲಿ ಸ್ಟ್ರೇಹಾರ್ನ್ ಹದಿಹರೆಯದಲ್ಲೇ ಅದನ್ನು ಬರೆಯಲು ಶುರು ಮಾಡಿದ್ದು, ಆದರೆ ಪಳಗಿದವರನ್ನೂ ಬೀಳಿಸುವ ಹಾಡು ಅದು. ಶುರುವಿನ ಭಾಗಕ್ಕೆ ತಾಳವೇ ಇಲ್ಲ, ಪಿಯಾನೋ ಮತ್ತು ದನಿ ಮಾತ್ರ. ಸ್ವರಗಳು ಅರ್ಧರ್ಧ ಮನೆ, ಅಂದರೆ ಪಿಯಾನೋದ ಒಂದು ಕೀಲಿಯಿಂದ ತೀರಾ ಪಕ್ಕದ ಕೀಲಿಗೆ, ಜಾರುತ್ತಾ ಹೋಗುತ್ತವೆ, ಶ್ರುತಿ ತಪ್ಪಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಬಿಳಿ ಮೂರು:
ನಾನೂ ಕೆಳದನಿಯವನು, ನನ್ನ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಅವರ ದನಿಯನ್ನೇ ತರಲು ಹೋಗಿ ಗಂಟಲನ್ನು ಒತ್ತಿ ಇನ್ನೂ ಕೆಳಗೆ ತಳ್ಳುತ್ತಿದ್ದೆ. ಮೂರು ತಿಂಗಳಲ್ಲಿ ದನಿ ಕಟ್ಟಿಹೋಯಿತು. ಕಿವಿ ಮೂಗು ಗಂಟಲು ಡಾಕ್ಟರು ಆರು ವಾರ ಹಾಡಬೇಡಿ ಅಂದರು. ಆಮೇಲೆ ಶ್ರುತಿಯನ್ನು ಒಂದೂವರೆ ಮನೆ ಏರಿಸಿಕೊಂಡೆ. ಆಶ್ಚರ್ಯ ಅಂದರೆ ಆಗಲೇ ಜನ 'ಎಷ್ಟು ತುಂಬಿದ ದನಿ' ಅಂದರು. ಆಳ ಬರುವುದು ಸಡಿಲವಾದ ಗಂಟಲಿನಿಂದ.

ಮೈಕ್ ವಿಚಾರ ಇನ್ನೊಂದು. ಸಾಮಾನ್ಯ ವೇದಿಕೆ ಮೈಕನ್ನು ತುಟಿಗೆ ಹತ್ತಿರ ಹಿಡಿದಷ್ಟೂ ಕೆಳಸ್ವರ ಜಾಸ್ತಿ ಊದಿಕೊಳ್ಳುತ್ತದೆ. ನಮ್ಮಂಥವರ ದನಿ ಆಗ ಮಡಕೆಯೊಳಗಿಂದ ಬಂದ ಹಾಗೆ ಗುಂಯ್‌ಗುಡುತ್ತದೆ, ಅಕ್ಷರ ಕೇಳುವುದೇ ಇಲ್ಲ. ಗೇಣುದ್ದ ದೂರ ಹಿಡಿದು ನೋಡಿ. ಹಾರ್ಟ್‌ಮನ್ ಹಾಡಿದರೆ ಪದದ ಕೊನೆಯ ವ್ಯಂಜನವೂ ಸ್ಪಷ್ಟವಾಗಿ ಕೇಳುತ್ತದೆ.

ಮಂದ್ರದವನು:
ಎಲ್ಲರಿಗೂ ಥ್ಯಾಂಕ್ಸ್. ಬಿಳಿ ಮೂರು ಅಣ್ಣಾ, ನಾನೂ ಗಂಟಲು ಒತ್ತುತ್ತಿದ್ದೆ, ಓದಿ ಭಯ ಆಯಿತು. ಕಪ್ಪು ಬಿಳಿ ಮನೆ ಮೇಡಂ, ಒಂದು ಸಣ್ಣ ಪ್ರಶ್ನೆ. ಈ ಅಭ್ಯಾಸವನ್ನು ಕನ್ನಡ ಭಾವಗೀತೆಯಲ್ಲೇ ಮಾಡಬಹುದಾ? ಇಂಗ್ಲಿಷ್ ಹಾಡಿನಲ್ಲಿ ಉಚ್ಚಾರಣೆ ಕಡೆಗೇ ಗಮನ ಹೋಗಿಬಿಡುತ್ತದೆ.

ಕಪ್ಪು ಬಿಳಿ ಮನೆ:
ಖಂಡಿತ ಮಾಡಿ, ಅದೇ ಒಳ್ಳೆಯದು. ನಿಮಗೆ ಬಾಯಿಪಾಠ ಇರುವ, ಅರ್ಥ ಎದೆಗೆ ಇಳಿದಿರುವ ಒಂದೇ ಹಾಡು ಸಾಕು. ಉಸಿರು ಎಲ್ಲಿ ತೆಗೆದುಕೊಳ್ಳುತ್ತೀರಿ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮಾತಿನ ಅರ್ಥ ಮುರಿಯುವ ಕಡೆ ಉಸಿರು ಬೇಡ. ಫೋನಿನಲ್ಲಿ ರೆಕಾರ್ಡ್ ಮಾಡಿ, ಆದರೆ ಅವತ್ತೇ ಕೇಳಬೇಡಿ, ಮಾರನೇ ದಿನ ಕೇಳಿ. ತಿಂಗಳು ಕಳೆದ ಮೇಲೆ ಇಲ್ಲಿ ಬಂದು ಹೇಗಾಯಿತು ಬರೆಯಿರಿ, ಕಾಯುತ್ತಿರುತ್ತೇನೆ.