ಅಪ್‌ಡೇಟ್: ಕಿಳಿಮಾನೂರಿಗೆ ಹೋಗಿ ಬಂದೆವು

ತಿರುವನಂತಪುರ ಜಿಲ್ಲೆಯ ಕಿಳಿಮಾನೂರು ಅರಮನೆಯಲ್ಲಿರುವ, ಚಿತ್ರಕಾರ ರಾಜಾ ರವಿವರ್ಮನ ಸ್ಟುಡಿಯೋ ನೋಡಲು ಕಾಸರಗೋಡಿನಿಂದ ಅಷ್ಟು ದೂರ ಹೋಗಬಹುದಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು. ರಾತ್ರಿ ಮಾವೇಲಿ ಎಕ್ಸ್‌ಪ್ರೆಸ್ ರೈಲು ಹತ್ತಿ ವರ್ಕಲದಲ್ಲಿ ಇಳಿದರೆ ಸುಲಭ. ಅರಮನೆ ಈಗಲೂ ಮನೆತನದವರದ್ದೇ, ಮೊದಲೇ ಕೇಳಿಕೊಂಡು ಹೋಗಿ. ಸ್ಟುಡಿಯೋದಲ್ಲಿ ಮೂಲ ಚಿತ್ರಗಳನ್ನು ಜಾಸ್ತಿ ನಿರೀಕ್ಷಿಸಬೇಡಿ. ಮೈಸೂರಿನ ಜಗನ್ಮೋಹನ ಅರಮನೆಯೇ ಸಾಕಿತ್ತಲ್ವಾ ಅಂದವರಿಗೆ: ಚಿತ್ರ ಮಾತ್ರ ಬೇಕಿದ್ದರೆ ಹೌದು, ಸಾಕು. ನನಗೆ ಅವನು ಕೆಲಸ ಮಾಡಿದ ಜಾಗ ನೋಡಬೇಕಿತ್ತು.

ಆಮೇಲೆ ತಿರುವನಂತಪುರ. ಅಲ್ಲಿನ ಮ್ಯೂಸಿಯಂ ಆವರಣದಲ್ಲಿ 2023ರಲ್ಲಿ ಅವನ ಹೆಸರಿನದ್ದೇ ಗ್ಯಾಲರಿ ತೆರೆದಿದೆ. ಸೋಮವಾರ ರಜೆ. ಅಲ್ಲಿನ ಚಿತ್ರಗಳಲ್ಲಿ ಸೀರೆಯ ಜರಿಯನ್ನು ಸುಮ್ನೆ ಹತ್ತಿರ ಹೋಗಿ ನೋಡಿ: ಬರೀ ಹಳದಿ ಗೀಟುಗಳು. ಎರಡು ಹೆಜ್ಜೆ ಹಿಂದೆ ಬಂದರೆ ಮಿರಮಿರ ಮಿಂಚುತ್ತದೆ. ರವಿವರ್ಮನ ತಮ್ಮ ರಾಜರಾಜವರ್ಮ, ತಂಗಿ ಮಂಗಳಾಬಾಯಿ ಬರೆದ ಚಿತ್ರಗಳೂ ಇವೆ. ತಂಗಿಯ ಕೈಯೇನೂ ಕಮ್ಮಿಯಿಲ್ಲ!