ಪುರುಸೊತ್ತು: ಪುರುಷನ ಹೊತ್ತೋ, ಫುರ್ಸತ್ತೋ?

ಗಾಂಧಿಬಜಾರ್ ಓದುಗ: ‘ಪುರುಷ + ಹೊತ್ತು = ಪುರುಸೊತ್ತು, ಗಂಡಸರು ಜಗಲಿ ಮೇಲೆ ಕೂರೋ ಹೊತ್ತು’ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಹೌದಾ?

ನಿಘಂಟುಪ್ರಿಯ: ಅಲ್ಲ. ಮೂಲ ಅರಬಿಯ ‘ಫುರ್ಸಾ’. ಹಳೆಯ ಅರಬಿಯಲ್ಲಿ ಹಂಚಿಕೆ ನೀರಿಗೆ ಬರುವ ಸರದಿ, ಅದರಿಂದ ‘ಅವಕಾಶ’. ಇವತ್ತಿಗೂ ಅರಬಿಯಲ್ಲಿ ‘ಅವಕಾಶ’ ಅಂತಲೇ ಅರ್ಥ. ಪರ್ಷಿಯನ್ ದಾರಿಯಲ್ಲಿ ಉರ್ದು, ಮರಾಠಿಗೆ ‘ಫುರ್ಸತ್’ ಆಗಿ ಬಂದು ‘ಬಿಡುವು’ ಅನ್ನೋ ಅರ್ಥ ಗಟ್ಟಿಯಾಯ್ತು. ಕನ್ನಡದ ಬಾಯಲ್ಲಿ ಫಕಾರ ಪಕಾರವಾಯ್ತು (ಫಿರ್ಯಾದ್, ಪಿರ್ಯಾದು), ‘ರ್ಸ’ ಬಿಡಿಸಿಕೊಂಡು ನಡುವೆ ಉಕಾರ ಬಂತು, ಕೊನೆಯ ‘ತ್’ ‘ತ್ತು’ ಆಯ್ತು. ತಾಕತ್ತು, ಕಸರತ್ತು, ಷರತ್ತು ನೋಡಿ.

ಹಳಗನ್ನಡದ ಹುಚ್ಚು: ಆ ಲೆಕ್ಕಕ್ಕೆ ‘ಪುರುಸತ್ತು’ ಆಗ್ಬೇಕಿತ್ತು. ‘ಸೊ’ ಎಲ್ಲಿಂದ ಬಂತು ಸಾರ್? ತಾಕೊತ್ತು, ಕಸರೊತ್ತು ಅಂತ ಯಾರೂ ಅನ್ನಲ್ಲ.

ನಿಘಂಟುಪ್ರಿಯ: ‘ಪುರುಸತ್ತು’ ಕೂಡ ಬಳಕೆಯಲ್ಲಿದೆ. ಕಾಲಕ್ಕೆ ಸಂಬಂಧಿಸಿದ ಪದ, ಜನರ ಕಿವಿಗೆ ‘ಹೊತ್ತು’ ಕೇಳಿಸಿದೆ. ನನ್ನ ಲೆಕ್ಕಕ್ಕೆ ‘ಹೊತ್ತು’ ಮೂಲವಲ್ಲ, ಆಮೇಲೆ ಮೆತ್ತಿಕೊಂಡಿದ್ದು.

ಮಲ್ಲೇಶ್ವರ 8ನೇ ಕ್ರಾಸ್: ಅಚ್ಚಗನ್ನಡದ ಪದಾದಿ ಪಕಾರ ಹಕಾರ ಆಗಿದೆಯಲ್ಲ: ಪಾಲ್ ಹಾಲು, ಪುಲಿ ಹುಲಿ. ಇದು ಹಳೇ ಪದವಾಗಿದ್ರೆ ಇಷ್ಟೊತ್ತಿಗೆ ‘ಹುರುಸೊತ್ತು’ ಆಗಿರೋದು.

ಹಳಗನ್ನಡದ ಹುಚ್ಚು: ಆ ವಾದ ನಿಲ್ಲಲ್ಲ. ‘ಪುರುಷ’ ಸಂಸ್ಕೃತದ್ದು. ‘ಪುರಾಣ’ ‘ಹುರಾಣ’ ಆಯ್ತಾ? ಮರಾಠಿ ‘ಫುರಸತ್’ ತೋರಿಸಿ, ಸಾಕು. ಅಲ್ಲಿ ‘ಹೊತ್ತು’ ಅನ್ನೋ ಪದವೇ ಇಲ್ಲ.

ಅಚ್ಚಗನ್ನಡ: ಏನೇ ಇರಲಿ, ‘ಬಿಡು’ವಿನಿಂದ ಬಂದ ‘ಬಿಡುವು’ ಇರುವಾಗ ಎರವಲು ಯಾಕೆ?

ನಿಘಂಟುಪ್ರಿಯ: ಒಂದರ ಜಾಗದಲ್ಲಿ ಇನ್ನೊಂದು ಎಲ್ಲ ಕಡೆ ಕೂರಲ್ಲ. ‘ಮಳೆ ಬಿಡುವು ಕೊಡ್ತು’ ಸರಿ, ‘ಮಳೆ ಪುರುಸೊತ್ತು ಕೊಡ್ತು’ ಅನ್ನಲ್ಲ. ‘ಬಂದು ಕೂತು ಪುರುಸೊತ್ತಿಲ್ಲ, ಫೋನ್ ಶುರು’ ಅನ್ನುವಲ್ಲಿ ‘ಬಿಡುವಿಲ್ಲ’ ಹಾಕಿ, ವಾಕ್ಯವೇ ಕೆಡುತ್ತೆ. ಅಲ್ಲಿ ಆರಾಮದ ಮಾತಿಲ್ಲ. ಕೂತದ್ದಕ್ಕೂ ಫೋನ್ ಬಂದದ್ದಕ್ಕೂ ನಡುವೆ ಸಂದೇ ಇಲ್ಲ ಅಂತ ಅರ್ಥ. ಈ ಬಳಕೆ ‘ಇಲ್ಲ’ದ ಜೊತೆ ಮಾತ್ರ. ನಿಘಂಟಿನಲ್ಲಿ ಇದಕ್ಕೆ ಬೇರೆಯೇ ಅರ್ಥ ಕೊಡಬೇಕು, ‘ವಿರಾಮ’ದ ಕೆಳಗೆ ತುರುಕಬಾರದು.

ಗಾಂಧಿಬಜಾರ್ ಓದುಗ: ‘ರಜೆ’?

ನಿಘಂಟುಪ್ರಿಯ: ಅದೂ ಅರಬಿ, ‘ರಿಜಾ’: ಒಪ್ಪಿಗೆ. ಒಪ್ಪಿಗೆಯಿಂದ ಅನುಮತಿ, ಅನುಮತಿಯಿಂದ ಕೆಲಸಕ್ಕೆ ಬರದಿರುವ ದಿನ. ಧಾರವಾಡದ ‘ಸೂಟಿ’ ಮಾತ್ರ ಮರಾಠಿಯ ‘ಸುಟ್ಟಿ’, ಅದಕ್ಕೆ ಬೇರೆ ಚರ್ಚೆ ಶುರು ಮಾಡಿ.