ಊರಿನ ಲೈಬ್ರರಿಯಲ್ಲಿ ಮಕ್ಕಳ ಜೊತೆ ಜಾತಿ ವಿಷಯ ಮಾತಾಡೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಶ್ರೀನಿವಾಸಪುರ ಕಡೆಯಿಂದ:

ನಮ್ಮ ಪಂಚಾಯ್ತಿ ಲೈಬ್ರರಿಯಲ್ಲಿ ಭಾನುವಾರ ಹೈಸ್ಕೂಲು, ಪಿಯುಸಿ ಮಕ್ಕಳನ್ನ ಸೇರಿಸಿ ಸಮಾಜ ಸುಧಾರಣೆಯ ಚಳವಳಿಗಳ ಬಗ್ಗೆ ಓದಿಸಬೇಕು ಅಂತ ಆಸೆ. ಫುಲೆ, ನಾರಾಯಣ ಗುರು, ಪೆರಿಯಾರ್, ಅಂಬೇಡ್ಕರ್ ಎಲ್ಲರೂ ಪಾಠದಲ್ಲಿ ಇದ್ದಾರೆ, ಆದರೆ ಮಕ್ಕಳಿಗೆ ಅದು ಎರಡು ಮಾರ್ಕಿನ ಪ್ರಶ್ನೆ ಅಷ್ಟೇ. ಊರಿನ ಹಿರಿಯರು ಆಗಲೇ "ಜಾತಿ ಗೀತಿ ಅಂತ ಮಕ್ಕಳ ತಲೆ ಕೆಡಿಸಬೇಡಪ್ಪ, ಎಲ್ಲಾ ಚೆನ್ನಾಗೇ ಇದ್ದೀವಲ್ಲ" ಅನ್ನುತ್ತಿದ್ದಾರೆ. ಎಲ್ಲ ಕೇರಿಯ ಮಕ್ಕಳೂ ಬರುತ್ತಾರೆ. ಎಲ್ಲಿಂದ ಶುರು ಮಾಡಲಿ?

ಕೆಜಿಎಫ್‌ನಿಂದ ಒಬ್ಬ ಮೇಷ್ಟ್ರು:

ತಮ್ಮಾ, ದೊಡ್ಡವರ ಫೋಟೋ, ಹುಟ್ಟಿದ ದಿನದಿಂದ ಶುರು ಮಾಡಬೇಡ. ಒಂದು ಜಗಳದಿಂದ ಶುರು ಮಾಡು. ಯಾರು ಏನು ಕೇಳಿದರು, ಯಾರು ಕೊಡಲ್ಲ ಅಂದರು, ಎಷ್ಟು ವರ್ಷ ಹಿಡಿಯಿತು. ಇಷ್ಟು ಸಿಕ್ಕಿದರೆ ಮಕ್ಕಳು ತಾವೇ ಪ್ರಶ್ನೆ ಕೇಳುತ್ತಾರೆ.

ನಾನು ಶುರು ಮಾಡಿದ್ದು ನಮ್ಮ ಊರಿಂದಲೇ. ಮಲ ಹೊರುವ ಪದ್ಧತಿ ವಿರುದ್ಧ ಹೋರಾಡಿದ ಬೆಜವಾಡ ವಿಲ್ಸನ್ ಹುಟ್ಟಿದ್ದು ಇಲ್ಲೇ, ಕೆಜಿಎಫ್‌ನಲ್ಲಿ, 1966ರಲ್ಲಿ, ಮಲ ಹೊರುವ ಕೆಲಸ ಮಾಡುತ್ತಿದ್ದ ಮನೆಯಲ್ಲಿ. ಓದಿಕೊಂಡ ಹುಡುಗ ಉದ್ಯೋಗ ವಿನಿಮಯ ಕಚೇರಿಗೆ ಹೋದರೆ, ಬೇಕಾದ ಕೆಲಸ ಅನ್ನೋ ಜಾಗದಲ್ಲಿ ಅಲ್ಲಿದ್ದವರೇ ಜಾಡಮಾಲಿ ಅಂತ ತುಂಬಿದ್ದರು. ಇದನ್ನ ಹೇಳಿ ಸುಮ್ನೆ ನಿಲ್ಲಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ "ಅವರಿಗೆ ಹೆಂಗೆ ಗೊತ್ತಾಯ್ತು ಸರ್?" ಅಂದ. ಅದೇ ಅಲ್ವಾ ಪಾಠ? ಹೆಸರು, ಕೇರಿ, ಅಪ್ಪನ ಕೆಲಸ ನೋಡಿ ಗೊತ್ತಾಗುತ್ತದೆ ಅಂತ ಮಕ್ಕಳೇ ಒಬ್ಬೊಬ್ಬರಾಗಿ ಹೇಳಿದರು, ನಾನು ಬಾಯಿ ಬಿಡಲೇ ಇಲ್ಲ.

ಆಮೇಲಿನ ಕಥೆ ಇನ್ನೂ ಗಟ್ಟಿ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ನಮ್ಮ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿ ಅಂತ ಆಯಿತು. ಆದರೆ ಚಿನ್ನದ ಗಣಿಯ ಕಾಲೊನಿಗಳಲ್ಲಿ ಬಕೆಟ್ ಕಕ್ಕಸು, ಅಂದರೆ ಜನರೇ ಕೈಯಿಂದ ಬಳಿದು ಹೊರಬೇಕಾದ ಕಕ್ಕಸು, 1990ರ ದಶಕದವರೆಗೂ ಇತ್ತು. ಶಿವನಸಮುದ್ರದಿಂದ ಕರೆಂಟು ತಂದು 1902ರಲ್ಲೇ ದೀಪ ಹಚ್ಚಿದ ಊರು ಇದು! ವಿಲ್ಸನ್ ಅರ್ಜಿ ಬರೆದರು, ಫೋಟೋ ತೆಗೆದರು, ಪತ್ರಿಕೆಗೆ ಕೊಟ್ಟರು, ಆಮೇಲೆ ಆ ಕಕ್ಕಸುಗಳು ಹೋದವು. ದೇಶಕ್ಕೆಲ್ಲ ಕಾನೂನು ಬಂದಿದ್ದು 1993ರಲ್ಲಿ, ಸಾಲದು ಅಂತ ಮತ್ತೆ 2013ರಲ್ಲಿ. ಅವರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಗಿ, 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ ತಲಾ 10 ಲಕ್ಷ ಕೊಡಬೇಕು ಅಂತ 2014ರಲ್ಲಿ ತೀರ್ಪಾಯಿತು. 2016ರಲ್ಲಿ ವಿಲ್ಸನ್‌ಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಚರಂಡಿಗೆ ಇಳಿದು ಸಾಯೋದು ಮಾತ್ರ ಇನ್ನೂ ನಿಂತಿಲ್ಲ, ಅದನ್ನೂ ಮಕ್ಕಳಿಗೆ ಹೇಳಬೇಕು.

ಇಷ್ಟಾದ ಮೇಲೆ ಮಹಾರಾಷ್ಟ್ರದ ಮಹಾಡ್ ಊರಿನ ಕೆರೆಯ ವಿಷಯ ತೆಗಿ, ಆಗ ಹತ್ತಿರ ಆಗುತ್ತದೆ. ಸರ್ಕಾರದ ಕೆರೆ ಬಾವಿ ಎಲ್ಲರಿಗೂ ಅಂತ ಬಾಂಬೆ ಶಾಸನ ಸಭೆ 1923ರಲ್ಲೇ ಠರಾವು ಮಾಡಿತ್ತು, ಮಹಾಡ್ ಮುನಿಸಿಪಾಲಿಟಿಯೂ 1924ರಲ್ಲಿ ಒಪ್ಪಿತ್ತು. ಆದರೂ ದಲಿತರು ಕೆರೆಗೆ ಇಳಿಯೋ ಹಾಗಿರಲಿಲ್ಲ. 1927ರ ಮಾರ್ಚ್ 20ಕ್ಕೆ ಅಂಬೇಡ್ಕರ್ ಜನರ ಜೊತೆ ಹೋಗಿ ನೀರು ಕುಡಿದರು. ಮೇಲ್ಜಾತಿಯವರು ಸೆಗಣಿ, ಗಂಜಲ ಸುರಿದು ಕೆರೆಯನ್ನ ಶುದ್ಧ ಮಾಡಿದರು. ಕೋರ್ಟಿನಲ್ಲಿ ಕೊನೆಗೂ ಗೆದ್ದಿದ್ದು 1937ರಲ್ಲಿ. ಕಾಗದದ ಮೇಲೆ ಇರೋದಕ್ಕೂ ಕೈಗೆ ಸಿಗೋದಕ್ಕೂ ನಡುವೆ ಎಷ್ಟು ದೂರ ಅಂತ ನಮ್ಮ ಮಕ್ಕಳಿಗೆ ಇವೆರಡನ್ನೂ ಪಕ್ಕ ಪಕ್ಕ ಇಟ್ಟಾಗಲೇ ತಿಳಿದಿದ್ದು.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಒಂದು ಕಾರ್ಯಕ್ರಮದಲ್ಲಿ ಅತಿಥಿಯೊಬ್ಬರು "ನಿಮ್ಮಲ್ಲಿ ಎಸ್‌ಸಿ ಮಕ್ಕಳು ಯಾರು, ನಿಮ್ಮ ನೋವು ಹೇಳಿ" ಅಂದುಬಿಟ್ಟರು. ಒಬ್ಬ ಹುಡುಗಿ ನೋಟ್‌ಬುಕ್ ತೆಗೆದು ಏನೋ ಬರೆಯೋ ಹಾಗೆ ತಲೆ ಬಗ್ಗಿಸಿಕೊಂಡಳು, ಕಾರ್ಯಕ್ರಮ ಮುಗಿಯೋವರೆಗೂ ತಲೆ ಎತ್ತಲಿಲ್ಲ. ದಯವಿಟ್ಟು ಇದನ್ನ ಯಾರೂ ಮಾಡಬೇಡಿ. ಜಾತಿ ಅಂದರೆ ಅದನ್ನ ಅನುಭವಿಸಿದವರೇ ಎದ್ದು ವಿವರಿಸಬೇಕು ಅಂತ ಯಾಕೆ ಇರಬೇಕು? ಕೆಳಕ್ಕೆ ತಳ್ಳಿದವರ ಕಡೆಯ ಮಕ್ಕಳನ್ನ ಕೇಳಿ: ನಿಮ್ಮ ಮನೆಯಲ್ಲಿ ಯಾರಿಗೆ ಯಾವ ಲೋಟ? ಕೂಲಿಯವರು ಎಲ್ಲಿ ಕೂತು ಉಣ್ಣುತ್ತಾರೆ? ಅದನ್ನೂ ಎಲ್ಲರ ಮುಂದೆ ಬೇಡ, ಮನೆಯಲ್ಲಿ ನೋಡಿಕೊಂಡು ಚೀಟಿಯಲ್ಲಿ ಬರೆದು ತರಲಿ, ಹೆಸರು ಹಾಕೋದು ಬೇಡ. ನಮಗೆ ಬಂದ ಒಂದು ಚೀಟಿಯಲ್ಲಿ, ಹೋಟೆಲಿನಲ್ಲಿ ಕೆಲವರಿಗೆ ಸ್ಟೀಲ್ ಲೋಟ, ಕೆಲವರಿಗೆ ಪೇಪರ್ ಕಪ್ ಕೊಡುತ್ತಾರೆ, ಯಾರೂ ಏನೂ ಅನ್ನಲ್ಲ ಅಂತ ಇತ್ತು. ಅದರ ಮೇಲೆಯೇ ಪೂರ್ತಿ ಬೆಳಗ್ಗೆ ಮಾತಾಡಿದೆವು.

ಚಿಂತಾಮಣಿಯಿಂದ:

ಮೇಷ್ಟ್ರು ಹೇಳಿದ್ದು ಸರಿ. ನಾನು ಸೇರಿಸೋದು ಒಂದೇ, ಕಂಬಾಲಪಲ್ಲಿಯನ್ನ ಬಿಡಬೇಡಿ. 2000ದ ಮಾರ್ಚ್ 11ರಂದು ನಮ್ಮ ತಾಲ್ಲೂಕಿನಲ್ಲೇ ಏಳು ಜನ ದಲಿತರನ್ನ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಈಗಿನ ಪಿಯುಸಿ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಹೆಸರೂ ಗೊತ್ತಿಲ್ಲ. ಎಲ್ಲಾ ಚೆನ್ನಾಗಿದ್ದೀವಿ ಅನ್ನೋ ಹಿರಿಯರಿಗೂ ಆವತ್ತಿನ ಸುದ್ದಿ ನೆನಪಿರುತ್ತದೆ. ಆದರೆ ಮೊದಲ ವಾರವೇ ಬೇಡ, ಹೈಸ್ಕೂಲು ಮಕ್ಕಳಿಗೆ ಬೇಡ, ಮತ್ತೆ ಬಸ್ಸು ಮಾಡಿಕೊಂಡು ಊರು ತೋರಿಸೋಕೆ ಅಂತೂ ಹೋಗಲೇಬೇಡಿ. ಅಲ್ಲಿ ಜನ ಬದುಕುತ್ತಿದ್ದಾರೆ.

ತುಮಕೂರಿನಿಂದ:

ಹಿರಿಯರ ವಿಷಯಕ್ಕೆ: ಎದುರು ಹಾಕಿಕೊಳ್ಳಬೇಡಿ, ಒಳಗೆ ಕರೆದು ಕೂರಿಸಿ. ನಮ್ಮಲ್ಲಿ ತುಂಬಾ ತಕರಾರು ಮಾಡಿದವರು ಚಿಕ್ಕವರಿದ್ದಾಗ ಸಿದ್ಧಗಂಗಾ ಮಠದಲ್ಲಿ ಓದಿದವರು. ಅಲ್ಲಿ ಎಲ್ಲ ಜಾತಿಯ ಮಕ್ಕಳ ಜೊತೆ ಒಂದೇ ಸಾಲಿನಲ್ಲಿ ಕೂತು ಉಂಡಿದ್ದನ್ನ ಹೇಳಿ ಅಂತ ಕೇಳಿದೆವು, ಖುಷಿಯಿಂದ ಹೇಳಿದರು. ಹಾಗಾದರೆ ಊರಿಗೆ ಬಂದ ಮೇಲೆ ಯಾಕೆ ಬೇರೆ ಆಯಿತು ತಾತ ಅಂತ ಮಕ್ಕಳು ಕೇಳಿದರು. ಉತ್ತರ ಬರಲಿಲ್ಲ, ಆದರೆ ಆಮೇಲೆ ಯಾರೂ ಅಡ್ಡ ಬರಲೂ ಇಲ್ಲ.

ಬಾಗೇಪಲ್ಲಿಯಿಂದ:

ಅಣ್ಣ, ಹೆಣ್ಣುಮಕ್ಕಳು ಬರುತ್ತಾರಾ? ಬಂದರೆ ನೆಲ್ಲೂರಿನ ಸಾರಾಯಿ ವಿರೋಧಿ ಹೋರಾಟ ಹೇಳಿ. 1990ರ ದಶಕದ ಶುರುವಿನಲ್ಲಿ ಅಲ್ಲಿ ಸಾಕ್ಷರತಾ ತರಗತಿಗೆ ಬರುತ್ತಿದ್ದ ಹೆಂಗಸರು ಸೀತಮ್ಮ ಅನ್ನೋಳ ಕಥೆ ಪಾಠದಲ್ಲಿ ಓದಿದರು. ಅವಳ ಊರಲ್ಲಿ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸುತ್ತಾರೆ. ಇವರೂ ದೂಬಗುಂಟ ಅನ್ನೋ ಊರಲ್ಲಿ ಅದನ್ನೇ ಮಾಡಿದರು, ಆಂಧ್ರಕ್ಕೆಲ್ಲ ಹಬ್ಬಿತು, 1993ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ನಮ್ಮ ರಾಜ್ಯದಲ್ಲಿ ನಿಂತಿದ್ದು 2007ರ ಜುಲೈ 1ಕ್ಕೆ. ನಮ್ಮಮ್ಮನ ಓರಗೆಯ ಹೆಂಗಸರಿಗೆ ಪ್ಯಾಕೆಟ್ ಸಾರಾಯಿ ಅಂದರೆ ಈಗಲೂ ಮುಖ ಕಪ್ಪಾಗುತ್ತದೆ, ಸಂಬಳದ ದಿನ ಮನೆಗೆ ದುಡ್ಡು ಬರುತ್ತಲೇ ಇರಲಿಲ್ಲ. ಓದಿದರೆ ತಲೆ ಕೆಡುತ್ತದೆ ಅನ್ನುವವರಿಗೆ ಇದನ್ನ ಹೇಳಿ. ಒಂದು ಪಾಠ ಓದಿ ಒಂದು ಸರ್ಕಾರದ ಕೈ ಕಟ್ಟಿಹಾಕಿದವರು ಅವರು. ನಿಮ್ಮ ಕಡೆ ತೆಲುಗು ಮನೆಮಾತಿನ ಮಕ್ಕಳು ಜಾಸ್ತಿ ಅಲ್ವಾ, ಅವರಿಗೆ ತೆಲುಗಿನಲ್ಲೇ ಹೇಳಿ. ಭಾನುವಾರ ಬೆಳಗ್ಗೆ ಹೆಣ್ಣುಮಕ್ಕಳಿಗೆ ಬಟ್ಟೆ ಒಗೆಯೋ ಕೆಲಸ ಇರುತ್ತದೆ, ಮಧ್ಯಾಹ್ನ ಮೂರು ಗಂಟೆ ಮೇಲೆ ಇಟ್ಟುಕೊಳ್ಳಿ, ಕತ್ತಲಾಗೋ ಮುಂಚೆ ಮನೆಗೆ ಕಳಿಸಿ.